ಸುದ್ದಿ ಮುಟ್ಟದ ಕಾಲು

ಆ ಚಪ್ಪಲಿ ಹಾಕಿಕೊಳ್ಳಬೇಡಿ ಎಂದು ನಾನು ಆ ಮನುಷ್ಯನಿಗೆ ಹನ್ನೊಂದು ಸಲ ಫೋನ್ ಮಾಡಿ ಹೇಳಿದೆ. ಹನ್ನೊಂದು ಸಲವೂ ಅವನ ಕಿವಿಗೆ ಬೇರೆ ಮಾತು ಬಿತ್ತು. ದನಿ ನನ್ನದೇ, ನಡುವಿನ ಕೆಮ್ಮು ಕೂಡ ನನ್ನದೇ, ಮಾತು ಮಾತ್ರ ನನ್ನದಲ್ಲ. ಈಗ ಬಾಯಿ ತೆರೆದರೆ ಆಡಿದ್ದೇ ಯಾರಿಗಾದರೂ ಕೇಳಿಸುತ್ತದೆ ಎಂಬ ಭರವಸೆ ನನಗಿಲ್ಲ. ಅದಕ್ಕೇ ಕಾಗದ ತಗೊಂಡು ಕೈಯಿಂದ ಬರೆಯುತ್ತಿದ್ದೇನೆ.

ನಮ್ಮದು ಅಥಣಿ. ಚಪ್ಪಲಿ ಹೊಲಿಯುವ ಮನೆತನ. ಮನೆಯಲ್ಲಿ ಇರುವುದು ಅವ್ವ ಬಾಳವ್ವ ಮತ್ತು ನಾನು, ಲಗಮಣ್ಣ. ನಮ್ಮ ಚಪ್ಪಲಿ ಮೊದಲು ಕಚ್ಚುತ್ತದೆ. ಬೇಕೆಂದೇ ಒಂದು ನೂಲು ಬಿಗಿ ಹೊಲಿಯುತ್ತೇವೆ. ಎಂಟು ದಿನ ಕಾಲಿನ ಕಾವಿಗೆ, ಬೆವರಿಗೆ ತೊಗಲು ಹಿಗ್ಗಿ ಆ ಕಾಲಿನ ಆಕಾರಕ್ಕೆ ಬರುತ್ತದೆ. ಆಮೇಲೆ ಹತ್ತು ವರ್ಷ ಸಡಿಲ ಬೀಳುವುದಿಲ್ಲ. ಆ ಎಂಟು ದಿನದಲ್ಲಿ ಎಲ್ಲಿ ಕಚ್ಚಿತೋ ಅಲ್ಲಿ ಎಣ್ಣೆ ಸವರಬೇಕು, ನೋವು ಹೆಚ್ಚಾದರೆ ಬಿಡಬೇಕು. ಅಂದರೆ ಕಾಲೇ ಬಾಯಿಬಿಟ್ಟು ಹೇಳಬೇಕು. ಹೇಳಲಾರದ ಕಾಲುಗಳೂ ಇರುತ್ತವೆ. ಸಕ್ಕರೆ ಕಾಯಿಲೆ ಹಳೆಯದಾದವರ ಅಂಗಾಲು ಮರಗಟ್ಟಿರುತ್ತದೆ. ಮುಳ್ಳು ಹೊಕ್ಕರೂ ಅವರಿಗೆ ತಿಳಿಯುವುದಿಲ್ಲ.

ಅದಕ್ಕೇ ಅಂಗಡಿಗೆ ಯಾರೇ ಬರಲಿ, ಅವ್ವ ಮಣೆ ಹಾಕಿ ಕೂರಿಸಿ, ಪಾದ ಕೈಯಲ್ಲಿ ಹಿಡಿದು, ಹೆಬ್ಬೆರಳ ಬುಡವನ್ನು ಉಗುರಿನಿಂದ ಒತ್ತಿ ಕೇಳುತ್ತಿದ್ದಳು. "ಸಕ್ಕರಿ ಐತೇನ್ರಿ? ಒತ್ತಿದ್ದು ಗೊತ್ತಾಕ್ಕೈತೇನು?" ಗೊತ್ತಾಗುವುದಿಲ್ಲ ಎಂದವರಿಗೆ ನಮ್ಮ ಮನೆಯಲ್ಲಿ ಚಪ್ಪಲಿ ಇಲ್ಲ. ತಹಸೀಲ್ದಾರರನ್ನೇ ಹಾಗೆ ಬರಿಗೈಯಲ್ಲಿ ಕಳಿಸಿದ್ದಳು. "ಸಾಹೇಬ್ರ, ಪ್ಯಾಟ್ಯಾಗ ಮೆತ್ತಗಿನ ಬೂಟ್ ಸಿಗ್ತಾವ, ಅವನ್ನ ತಗೋರಿ. ನಿಮ್ಮ ಕಾಲ ತಿಂದು ನಾವು ಹೊಟ್ಟಿ ಹೊರಕೊಳ್ಳೂದು ಬ್ಯಾಡ" ಅಂದಿದ್ದಳು.

ಮುಂದೆ ಗಿರಾಕಿ ಓಣಿಗೆ ಬರುವುದು ನಿಂತಿತು. ಎಲ್ಲ 'ಊರಂಗಡಿ' ಎಂಬ ಫೋನಿನೊಳಗಿನ ಅಂಗಡಿಯಲ್ಲಿ. ಕೊರಿಯರ್ ಗಾಡಿಗಳು ಊರಂಗಡಿಯ ಮುದ್ರೆ ಇದ್ದ ಡಬ್ಬಿಯನ್ನು ಬಿಟ್ಟು ಬೇರೇನೂ ಎತ್ತುವುದಿಲ್ಲವಾದ ಮೇಲೆ ನಮ್ಮ ಓಣಿಯ ಇಪ್ಪತ್ತೇಳು ಮನೆಗಳೂ ಅದರಲ್ಲಿ ಸೇರಿದವು. ಗಿರಾಕಿಯ ಮನೆಗೆ ಅವರು ಒಂದು ತೆಳು ಹಾಳೆ ಕಳಿಸುತ್ತಾರೆ. ಅದರ ಮೇಲೆ ನಿಂತರೆ ಭಾರ ಎಲ್ಲೆಲ್ಲಿ ಬೀಳುತ್ತದೆ ಎಂಬ ಬಣ್ಣದ ಚಿತ್ರ ನಮಗೆ ಬರುತ್ತದೆ. ಅದಕ್ಕೆ ಹೆಜ್ಜೆಪಟ ಎನ್ನುತ್ತಾರೆ. ಗಿರಾಕಿ ಮೆಚ್ಚಿ ಕೊಡುವ ನಕ್ಷತ್ರದ ಗುರುತಿಗೆ ನಮ್ಮ ಓಣಿಯಲ್ಲಿ ಚಿಕ್ಕಿ ಎಂದು ಹೆಸರು. ಐದು ಚಿಕ್ಕಿ ಇದ್ದ ಮನೆಗೆ ಕೆಲಸ. ಮೂರಕ್ಕಿಂತ ಕೆಳಗೆ ಬಿದ್ದವರು ಗೌಂಡಿಯ ಹಿಂದೆ ಕಲ್ಲುಮಣ್ಣು ಹೊರುವ ಕೆಲಸ ಹುಡುಕಿಕೊಳ್ಳಬೇಕು.

ಮೊದಲ ಎರಡು ವರ್ಷ ಅವ್ವನೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಬೈಯುತ್ತಿದ್ದಳು ಎಂದರೆ ಸರಿ. "ಮಳ್ಯಾಗ ಹಾಕ್ಕೊಂಡ್ರ ನನ್ನ ಕೇಳಬ್ಯಾಡವ್ವಾ ಮತ್ತ" ಎಂದು ದನಿ ಕಳಿಸಿದರೆ ಆ ಕಡೆಯವರು ನಗುತ್ತಿದ್ದರು, ಆದರೆ ಹೇಳಿದಂತೆ ಕೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ದನಿಗಾರ ಬಂತು.

ದನಿಗಾರ ಎಂದರೆ ಗೋಡೆಗೆ ಹೊಡೆಯುವ ಅಂಗೈಯಗಲದ ಕರಿ ಬಿಲ್ಲೆ. ಸಣ್ಣ ವ್ಯಾಪಾರದವರಿಗೆ ಗಿರಾಕಿಯ ಜೊತೆ ಸರಿಯಾಗಿ ಮಾತಾಡಲು ಬರುವುದಿಲ್ಲ, ಅದರಿಂದಲೇ ವ್ಯಾಪಾರ ಕೆಡುತ್ತದೆ, ಇನ್ನು ಮಾತು ಪೂರಾ ನಮಗೆ ಬಿಡಿ, ನೀವು ಕೈಕೆಲಸ ನೋಡಿಕೊಳ್ಳಿ ಎಂದರು. ಮೂರು ದಿನ ಅವ್ವನನ್ನೂ ನನ್ನನ್ನೂ ಕೂರಿಸಿ ಮಾತಾಡಿಸಿ ದನಿ ತೆಗೆದುಕೊಂಡರು. ಅವ್ವ ಆ ಮೂರು ದಿನದಲ್ಲಿ ಸಕ್ಕರೆಯ ಮಾತನ್ನು ನೂರು ಸಲವಾದರೂ ಆ ಬಿಲ್ಲೆಗೆ ಹೇಳಿಕೊಟ್ಟಳು. "ಇದನ್ನ ಕೇಳದ ಒಂದ್ ಜೋಡೂ ಕಳಿಸಬ್ಯಾಡಪಾ" ಎಂದು ಅದಕ್ಕೆ ಕೈಮುಗಿದಳು. ಬಿಲ್ಲೆಯೊಳಗಿಂದ ಅವ್ವನ ದನಿಯಲ್ಲೇ "ಆತವ್ವಾ" ಎಂದು ಬಂತು. ನಾವು ನಂಬಿದೆವು. ನಮ್ಮ ತಪ್ಪು ಅಲ್ಲೇ ಆದದ್ದು. ಆತವ್ವಾ ಎಂದವರು ಮಾಡಿಯೇ ಮಾಡುತ್ತಾರೆ ಎಂದುಕೊಂಡೆವು.

ಆದರೂ ಅವ್ವ ಒಂದನ್ನು ಬಿಟ್ಟಿರಲಿಲ್ಲ. ಬಂದ ಹೆಜ್ಜೆಪಟವನ್ನು ತಾನು ನೋಡಿಯೇ ನನ್ನ ಕೈಗೆ ಕೊಡುತ್ತಿದ್ದಳು. ಈ ವರ್ಷ ಅವಳ ಕಣ್ಣಿನ ಪೊರೆ ತೆಗೆಸಿದೆವು. ಮೂರು ವಾರ ಕಣ್ಣಿಗೆ ಹಸಿರು ಪಟ್ಟಿ, ಬಗ್ಗುವ ಹಾಗಿಲ್ಲ. ಆ ಮೂರು ವಾರ ಪಟಗಳನ್ನು ನೋಡಿದ್ದು, ತೊಗಲು ಕೊಯ್ದದ್ದು ನಾನು.

ಪಟ್ಟಿ ಬಿಚ್ಚಿದ ದಿನ ಬೆಳಿಗ್ಗೆ ಅವ್ವ ಮೊದಲು ಮಾಡಿದ್ದು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಆ ಮೂರು ವಾರದ ಪಟಗಳನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದದ್ದು. ಆರನೆಯದಕ್ಕೆ ಕೈ ನಿಂತಿತು.

"ಲಗಮಾ, ಇದು ಕಳಿಸಿದಿ?"

"ಹೂಂ. ಹನ್ನೆರಡು ದಿನ ಆತು ಮುಟ್ಟಿ. ಯಾಕ?"

"ಈ ಕಾಲಿನ ಬೆರಳ ಎಲ್ಲಿ ಅದಾವ?"

ಪಟದಲ್ಲಿ ನಾಲ್ಕು ಬೆರಳಿನ ಗುರುತೇ ಇರಲಿಲ್ಲ. ಹೆಬ್ಬೆರಳ ಬುಡದಲ್ಲಿ ಮಾತ್ರ ಕೆಂಪು ಗಂಟು. ನಾನೂ ಅದನ್ನು ನೋಡಿದ್ದೆ. ಈ ಗಿರಾಕಿ ನೆಟ್ಟಗೆ ನಿಂತಿಲ್ಲ ಎಂದು ಗೊಣಗಿಕೊಂಡು ಅಳತೆ ಹಾಕಿದ್ದೆ.

"ಬೆರಳ ಮ್ಯಾಲಕ್ಕ ಸೆಟಕೊಂಡಾವ. ಭಾರ ಎಲ್ಲಾ ಒಂದ ಕಡೆ ಬಿದ್ದೈತಿ. ಬಲಗಾಲಿಗೆ ಸುದ್ದಿ ಮುಟ್ಟಂಗಿಲ್ಲೋ, ಸತ್ತ ಕಾಲಿದು" ಎಂದಳು ಅವ್ವ. ಆಮೇಲೆ ನನ್ನ ಮುಖ ನೋಡದೆ, "ಎಷ್ಟು ಬಿಗಿ ಕೊಟ್ಟಿ?" ಎಂದಳು.

"ದಿನಾ ಕೊಡೋ ಅಷ್ಟ."

"ಫೋನ್ ಹಚ್ಚು."

ನಾಲ್ಕು ವರ್ಷದಲ್ಲಿ ನಾನಾಗಿ ಗಿರಾಕಿಗೆ ಫೋನ್ ಮಾಡಿದ್ದು ಅದೇ ಮೊದಲು. ನಂಬರು ನಮಗೆ ಕಾಣುವುದಿಲ್ಲ, ಊರು ಕಾಣುವುದಿಲ್ಲ. ಊರಂಗಡಿಯಲ್ಲಿ ಆರ್ಡರಿನ ಮೇಲೆ ಬೆರಳಿಟ್ಟರೆ ಅದೇ ಜೋಡಿಸುತ್ತದೆ. ಹೆಸರು ಮಾತ್ರ ಇತ್ತು, ಗುಡ್ಡಪ್ಪ.

"ಯಜಮಾನ್ರ, ನಾನು ಅಥಣಿ ಲಗಮಣ್ಣ. ಆ ಚಪ್ಪಲ್ ಹಾಕ್ಕೋಬ್ಯಾಡ್ರಿ. ನಿಮ್ಮ ಕಾಲಿಗೆ ಅವು ಆಗಂಗಿಲ್ಲ."

ಅರೆ ಉಸಿರಿನಷ್ಟು ತಡೆದು ಉತ್ತರ ಬಂತು. "ಹೌದ್ ತಮ್ಮಾ, ನನ್ನ ಕಾಲಿಗೆ ಹೇಳಿ ಮಾಡಿಸಿದಂಗ ಅದಾವ."

"ಅಲ್ರಿ, ಬಲಗಾಲ ಕೆಳಗ ಗಾಯ ಆಗೇತೇನು ನೋಡ್ರಿ. ಕನ್ನಡಿ ಹಿಡಿದು ನೋಡ್ರಿ."

"ಎಲ್ಲಾರೂ ನೋಡಾಕತ್ತಾರ. ಯಾರ ಕಡೆ ಹೊಲಿಸಿದಿ ಅಂತ ಕೇಳ್ತಾರ."

"ದವಾಖಾನಿಗೆ ಹೋಗ್ರಿ. ಇವತ್ತ ಹೋಗ್ರಿ."

"ಹೋದಲ್ಲೆಲ್ಲಾ ಹಾಕ್ಕೊಂಡ ಹೋಗ್ತೀನಿ. ತೊಗಲಿನ ವಾಸನಿ ಬಾಳ ಚಲೋ ಐತಿ. ನಿಮ್ಮವ್ವಗ ನಮಸ್ಕಾರ ಹೇಳು."

ಮೊದಲು ಮುದುಕನ ಕಿವಿ ಮಂದ ಎಂದುಕೊಂಡೆ. ಎರಡನೆಯ ಸಲ ಅವ್ವ ಮಾತಾಡಿದಳು. ಅವಳಿಗೂ ಹೊಗಳಿಕೆಯೇ ಬಂತು. ಐದನೆಯ ಸಲ ನಾನು ಬಾಯಿಗೆ ಬಂದಂತೆ ಬೈದೆ. ಆ ಕಡೆ ಮನುಷ್ಯ ನಕ್ಕು, ಎಷ್ಟು ತಮಾಷಿ ಮಾಡ್ತೀ ತಮ್ಮಾ ಎಂದ. ಎಂಟನೆಯ ಸಲ ಏನೂ ಮಾತಾಡದೆ ಸುಮ್ಮನೆ ಹಿಡಿದುಕೊಂಡು ಕುಳಿತೆ. ನಾನು ತುಟಿ ಬಿಚ್ಚದಿದ್ದರೂ ಆತ "ಹೌದೌದು, ಊಟ ಆತು" ಎಂದು ಉತ್ತರ ಕೊಟ್ಟ. ಹನ್ನೊಂದನೆಯದಾದ ಮೇಲೆ ಗೋಡೆಯ ಬಿಲ್ಲೆ ಅವ್ವನ ದನಿಯಲ್ಲಿ ನನಗೇ ಹೇಳಿತು. "ಗಿರಾಕಿ ಖುಷಿಯಾಗಿದ್ದಾರೆ. ನಿಮ್ಮ ಕಾಳಜಿಗೆ ಅಭಿನಂದನೆ."

ಮಾರನೆಯ ದಿನ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದೆ. ಊರಂಗಡಿಯ ಆಫೀಸು ನಾಲ್ಕು ಮಾಳಿಗೆಯದು. ಮೂರನೆಯ ಮಾಳಿಗೆಗೆ ದನಿಮನೆ ಎಂದು ಹೆಸರು. ದೊಡ್ಡ ಹಾಲಿನ ಗೋಡೆ ತುಂಬ ಪರದೆ, ಪರದೆ ತುಂಬ ನಡುಗುವ ಗೆರೆಗಳು. ಒಂದೊಂದು ಗೆರೆ ಒಬ್ಬೊಬ್ಬ ಅಂಗಡಿಯವನ ಮಾತು. ಅಷ್ಟು ಮಾತು ನಡೆಯುತ್ತಿದ್ದರೂ ಹಾಲಿನಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನ್ನನ್ನು ಹೊರಗೇ ಕೂರಿಸಿದ್ದರು. ನಾನು ಎದ್ದು ನಿಂತು ಕೂಗಾಡಿದ ಮೇಲೆ ಇನಾಮದಾರ ಎಂಬ ಎಂಜಿನಿಯರ್ ಮೇಡಂ ಬಂದು ಒಳಗೆ ಕರೆದುಕೊಂಡು ಹೋದರು. ವಯಸ್ಸು ನನ್ನಷ್ಟೇ ಇರಬೇಕು.

"ಕೂಗಬ್ಯಾಡ್ರಿ. ಇಲ್ಲಿ ಯಾರೂ ಕೂಗಿದ್ದು ಕೇಳಿ ರೂಢಿ ಇಲ್ಲ, ಹೆದರತಾರ" ಎಂದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಅವರು ನನ್ನ ಹನ್ನೊಂದು ಫೋನನ್ನೂ ಪರದೆಯ ಮೇಲೆ ತಂದರು. ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. ಮೇಲಿನದು ನಾನು ಆಡಿದ್ದು, ಕೆಳಗಿನದು ಅಲ್ಲಿಗೆ ಮುಟ್ಟಿದ್ದು.

"ಇದು ಸುಳ್ಳು ಹೇಳಬೇಕು ಅಂತ ಮಾಡಿದ್ದಲ್ಲರೀ. ಇದಕ್ಕ ಕಲಿಸಿದ್ದು ಒಂದ. ಮಾತು ಮುಗಿದಾಗ ಗಿರಾಕಿ ಉಸಿರು ಸಮಾಧಾನ ಇರಬೇಕು. ಉಸಿರು ಏರಿಸೋ ಮಾತು ಬಂದ್ರ ಅದನ್ನ ಉಜ್ಜಿ ನುಣ್ಣಗ ಮಾಡ್ತದ. ಆ ಕಡಿಂದ ಬರೋದನ್ನೂ ಹಂಗ ಉಜ್ಜತದ, ನಿಮಗೂ ಸಿಟ್ಟು ಬರಬಾರದಲ್ಲ. ಅದು ಉಜ್ಜಾಕ ಬೇಕಾಗೂದು ಅರ್ಧ ಉಸಿರಿನ ಹೊತ್ತು."

"ಮತ್ತ ಸಕ್ಕರಿ ಐತೇನು ಅಂತ ಕೇಳೂದು? ನಮ್ಮವ್ವ ಕಲಿಸಿದ್ಲಲ್ಲ."

ಮೇಡಂ ಕೀಲಿ ಒತ್ತಿ ಹುಡುಕಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. "ಕಾಯಿಲಿ ಬಗ್ಗೆ ಅಂಗಡಿಯವರು ಕೇಳೂದು ಖಾಸಗಿ ವಿಷಯ ಅಂತ ನಿಯಮ ಅದ. ಮೊದಲನೇ ದಿನಾನ ತೆಗೆದುಬಿಟ್ಟದ. ಒಂದ ಸಲಾನೂ ಕೇಳಿಲ್ಲ."

"ಆತವ್ವಾ ಅಂದಿತ್ತು."

"ನಿಮ್ಮವ್ವನ ಉಸಿರು ಸಮಾಧಾನ ಆಗಲಿ ಅಂತ ಅಂದಿರ್ತದ."

ಮೇಜು ಗುದ್ದಬೇಕು ಅನಿಸಿತು. ಗುದ್ದಿದರೆ ಏನು, ಅದೊಂದು ಮೇಜು. ಗುಡ್ಡಪ್ಪ ನಿಜಕ್ಕೂ ಏನೆಂದ, ಅದನ್ನಾದರೂ ಕೇಳಿಸಿ ಎಂದೆ. ಕೇಳಿಸಬಾರದೆಂದು ನಿಯಮವಿತ್ತು. ಮೇಡಂ ಅತ್ತ ಇತ್ತ ನೋಡಿ ತಮ್ಮ ಕಿವಿಯ ಇಯರ್‌ಫೋನ್ ಬಿಚ್ಚಿ ನನ್ನ ಕಿವಿಗೆ ಸಿಕ್ಕಿಸಿದರು.

ದಣಿದ ದನಿ. ಹಿಂದೆ ಪಾತ್ರೆಗಳ ಸದ್ದು. "ತಮ್ಮಾ, ನಾಕ್ ದಿನ ಆತು, ಏನೋ ವಾಸನಿ ಬರಾಕತ್ತೈತಿ. ಹಾಲು ಒಡೀತೋ, ಚಪ್ಪಲದ್ದೋ ತಿಳಿವಲ್ದು. ರಾತ್ರಿ ಸಣ್ಣಗ ಜ್ವರಾನೂ ಬರ್ತಾವ. ಚಪ್ಪಲಕ್ಕೂ ಇದಕ್ಕೂ ಸಂಬಂಧ ಐತೇನು?" ಅದರ ಹಿಂದೆ ದೂರದಲ್ಲಿ ಹೆಣ್ಣು ದನಿಯ ಪ್ರಕಟಣೆ, ರಾಣೆಬೆನ್ನೂರು ಬಸ್ ನಿಲ್ದಾಣ, ಅಂಕಣ ಸಂಖ್ಯೆ ಮೂರು.

ಈ ಮಾತನ್ನೇ ಅದು ಉಜ್ಜಿ, ತೊಗಲಿನ ವಾಸನೆ ಚೆನ್ನಾಗಿದೆ ಎಂದು ನನಗೆ ಕೊಟ್ಟಿತ್ತು.

"ನಿಲ್ಲಿಸ್ರಿ ಮೇಡಂ. ಇದೊಂದ ಮನಷ್ಯಾಗ ನಿಲ್ಲಿಸ್ರಿ."

"ನನ್ನ ಕೈಯಾಗ ಇಲ್ಲ. ಮ್ಯಾಲೆ ಬರೀತೀನಿ, ತಡೀರಿ." ನನ್ನ ಎದುರೇ ಬರೆದರು: ಒಬ್ಬ ಗಿರಾಕಿಯ ಕಾಲು ಕೊಳೆಯುತ್ತಿದೆ, ದನಿಗಾರ ಎಚ್ಚರಿಕೆಯನ್ನು ತಡೆದಿದೆ, ತಕ್ಷಣ ನಿಲ್ಲಿಸಿ. ಕಳಿಸಿದರು. ಆಮೇಲೆ ಏನೋ ನೆನಪಾದವರಂತೆ ಇನ್ನೊಂದು ಪರದೆ ತೆರೆದು, ಅದು ಮೇಲಿನವರಿಗೆ ಹೇಗೆ ಮುಟ್ಟಿದೆ ಎಂದು ನೋಡಿದರು. ಅಲ್ಲಿ ಹೀಗಿತ್ತು: ಅಥಣಿಯ ಒಬ್ಬ ಕುಶಲಕರ್ಮಿ ಗಿರಾಕಿಯ ಪಾದದ ಬಗ್ಗೆ ವಿಶೇಷ ಪ್ರೀತಿ ತೋರಿದ್ದಾರೆ, ಬಿಡುವಾದಾಗ ಗಮನಿಸಬಹುದು.

ಮೇಡಂ ಆ ಪರದೆ ಮುಚ್ಚಿದರು. ಹೋದ ತಿಂಗಳು ತಾವು ಕೊಟ್ಟ ರಾಜೀನಾಮೆಗೆ ಅಭಿನಂದನೆಯ ಉತ್ತರ ಏಕೆ ಬಂತೆಂದು ಈಗ ತಿಳಿಯಿತು ಎಂದರು. "ಕಾಲ್‌ನಡಗಿಲೆ ಹೋಗ್ರಿ ಲಗಮಣ್ಣಾರ. ನೆಟ್ಟಗ ಅವರ ಮುಂದ ಹೋಗಿ ನಿಂದರ್ರಿ. ಅದೊಂದಕ್ಕ ನಮ್ಮ ಹತ್ರ ಮಶೀನ್ ಇಲ್ಲ."

ಬೆಳಗಾವಿಯಿಂದ ಹುಬ್ಬಳ್ಳಿ, ಅಲ್ಲಿಂದ ರಾಣೆಬೆನ್ನೂರು. ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಹಾಲಿನ ಮಾತು, ಪಾತ್ರೆಗಳ ಸದ್ದು ಕೇಳಿ ಆತ ಚಹಾದಂಗಡಿಯವನಿರಬೇಕು ಎಂದುಕೊಂಡಿದ್ದೆ. ಬಸ್ ನಿಲ್ದಾಣದ ಸುತ್ತ ಚಹಾದಂಗಡಿ ನಲವತ್ತಾದರೂ ಇರಬೇಕು. ಹೆಸರು ಕೇಳುತ್ತ ಹೋದರೆ ಆ ಊರಲ್ಲಿ ಮೂವರಲ್ಲಿ ಒಬ್ಬನ ಹೆಸರು ಗುಡ್ಡಪ್ಪ. ಕೊನೆಗೆ ನಮ್ಮವರನ್ನೇ ಕೇಳುವುದು ಎಂದುಕೊಂಡೆ. ನಿಲ್ದಾಣದ ಗೇಟಿನ ಪಕ್ಕ ಛತ್ರಿ ಕೆಳಗೆ ಚಪ್ಪಲಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಇದ್ದರು, ಹನುಮಂತಪ್ಪ ಎಂದು. ಅವರ ಮುಂದೆ ಹೆಜ್ಜೆಪಟ ಬಿಚ್ಚಿ ಹಿಡಿದೆ.

ಅವರು ಬಾಯಲ್ಲಿದ್ದ ಮೊಳೆ ಉಗುಳಿ, ಪಟವನ್ನು ಒಮ್ಮೆ ತಿರುಗಿಸಿ ನೋಡಿದರು. "ಬಲಗಾಲು ಹೊರಗ ಎಳೀತಾನ. ಎಡದ ಹಿಮ್ಮಡಿ ಸವೀತೈತಿ. ಇದು ನಮ್ಮ ಚಾ ಗುಡ್ಡಪ್ಪನ ಕಾಲು. ಆತನ ಹಳೇ ಚಪ್ಪಲಿಗೆ ಹತ್ತು ವರ್ಷ ನಾನ ಅಟ್ಟಿ ಬಡದೀನಿ." ಆಮೇಲೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಆ ಹೊಸಾವು ಹೊಲಿದವ ನೀನ ಏನು? ಚಂದ ಅದಾವ. ಆ ಕಾಲಿಗೆ ಕೊಟ್ಟಿಯಲ್ಲೋ ಹುಚ್ಚಾ" ಎಂದರು.

ನಾನು ತಲೆ ತಗ್ಗಿಸಿದೆ. ನಾಲ್ಕು ವರ್ಷದ ಮೇಲೆ ಮೊದಲ ಸಲ ಇನ್ನೊಬ್ಬ ಮನುಷ್ಯ ನನ್ನ ಕೆಲಸವನ್ನು ಬೈದಿದ್ದ.

ಗುಡ್ಡಪ್ಪನದು ತಗಡಿನ ಅಂಗಡಿ. ಅರವತ್ತು ದಾಟಿದ, ಎತ್ತರದ ಮನುಷ್ಯ. ನಿಂತೇ ಚಹಾ ಸೋಸುತ್ತಿದ್ದ. ಕಾಲಲ್ಲಿ ನಮ್ಮ ಚಪ್ಪಲಿ. ಹತ್ತಿರ ಹೋದರೆ ಏಲಕ್ಕಿ, ಶುಂಠಿಗಳ ಕೆಳಗಿನಿಂದ ಇನ್ನೊಂದು ವಾಸನೆ ಬಂತು. ಹಸಿ ತೊಗಲು ಕೆಟ್ಟರೆ ಹೇಗಿರುತ್ತದೆಂದು ನಮ್ಮ ಓಣಿಯ ಕೂಸಿಗೂ ಗೊತ್ತು.

"ಯಜಮಾನ್ರ, ನಾನು ಲಗಮಣ್ಣ. ಅಥಣಿ ಬಾಳವ್ವನ ಮಗ."

ಅವನ ಮುಖ ಅರಳಿತು. "ಅಯ್ಯ, ಬಾ ಬಾ. ನೀ ಬರ್ತಿ ಅಂತ ಬಾಳವ್ವ ಹೇಳಲೇ ಇಲ್ಲಲ್ಲ."

"ಅವ್ವ ನಿಮಗ ಯಾವಾಗ ಹೇಳ್ಬೇಕಿತ್ತು?"

"ದಿನಾ ನಾಕಕ್ಕ ಫೋನ್ ಮಾಡ್ತಾಳಲ್ಲ. ಊಟ ಆತೇನಣ್ಣಾ, ನಿದ್ದಿ ಬಂತೇನಣ್ಣಾ ಅಂತ. ನಮ್ಮಾಕಿ ತೀರಿದ ಮ್ಯಾಲೆ ನನ್ನನ್ನ ಕೇಳಿದವರು ಆಕಿ ಒಬ್ಬಾಕೀನ. ನನ್ನ ತಂಗಿ ಅದಾಳ ಆಕಿ."

ಆ ದಿನಗಳಲ್ಲೆಲ್ಲ ನಾಲ್ಕು ಗಂಟೆಗೆ ನಮ್ಮವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿರುತ್ತಿದ್ದಳು. ಒಮ್ಮೆ ಕೊಂಡ ಗಿರಾಕಿ ಮತ್ತೆ ಕೊಳ್ಳಲಿ ಎಂದು ದನಿಗಾರ ತಾನೇ ಫೋನ್ ಮಾಡುತ್ತದೆ ಎಂಬುದು ನನಗೆ ಆಗ ತಿಳಿಯಿತು. ಅದನ್ನೂ ಹೇಳಿದೆ. ಫೋನ್ ಮಾಡುವುದು ಅವ್ವ ಅಲ್ಲ, ಗೋಡೆಯ ಬಿಲ್ಲೆ ಎಂದೆ. ಚಪ್ಪಲಿ ಬಿಡಿ, ಅಂಗಾಲು ತೋರಿಸಿ, ಕೊಳೆತಿದೆ, ವಾಸನೆ ಅದರದೇ ಎಂದೆ. ಎರಡು ದಿನ ನುಂಗಿಕೊಂಡದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. ದನಿ ಎಷ್ಟು ಏರಿತ್ತೆಂದು ನನಗೇ ತಿಳಿಯಲಿಲ್ಲ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಗುಡ್ಡಪ್ಪನ ಮುಖ ಮುಚ್ಚಿಕೊಂಡಿತು. "ಯಾರು ನೀನು? ಬಾಳವ್ವನ ಮಗ ಎಷ್ಟು ಮೆತ್ತಗ ಮಾತಾಡ್ತಾನ, ನನಗ ಗೊತ್ತೈತಿ."

ನಾನು ಅವ್ವನಿಗೇ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದೆ. ಊರಂಗಡಿಯದಲ್ಲ, ಬರೀ ಫೋನು. ನಡುವೆ ಯಾವ ಬಿಲ್ಲೆಯೂ ಇಲ್ಲ. ಅವ್ವ ತನ್ನ ಒರಟು ದನಿಯಲ್ಲಿ ಹೇಳುವುದು ನನಗೂ ಕೇಳುತ್ತಿತ್ತು. "ಅಣ್ಣಾ, ನಾ ಬಾಳವ್ವ. ಆ ಚಪ್ಪಲ ತಗದ ಒಗಿ. ಇಲ್ಲಂದ್ರ ಕಾಲ ಕೊಳತು ತಗಸಬೇಕಾಕ್ಕೈತಿ. ನನ್ನ ಮಗ ತಪ್ಪು ಮಾಡ್ಯಾನ, ಆತನ್ನ ಕ್ಷಮಾ ಮಾಡಬ್ಯಾಡ, ಬೈ, ಆದ್ರ ಕಾಲ ನೋಡ್ಕೊ."

ಗುಡ್ಡಪ್ಪ ಫೋನನ್ನು ಬಿಸಿ ಪಾತ್ರೆಯಂತೆ ನನ್ನ ಕೈಗೆ ಕೊಟ್ಟ. "ಇಂಥಾ ಕೆಟ್ಟ ಮಾತು ಆಕಿ ಬಾಯಾಗ ಬರಂಗಿಲ್ಲ. ದನಿ ಕದಿಯೋ ಕಳ್ಳರ ಬಗ್ಗೆ ಕೇಳಿದ್ದೆ, ಇವತ್ತ ನೋಡಿದೆ."

"ನಿಮ್ಮ ಕಾಲ ಕದ್ದು ನಾ ಏನ್ ಮಾಡ್ಲಿ" ಎಂದೆ. ಸುತ್ತಲಿನವರು ನಕ್ಕರು.

ನಾನು ಕುಕ್ಕರುಗಾಲಲ್ಲಿ ಕುಳಿತು ಅವನ ಬಲಗಾಲು ಹಿಡಿದು ಚಪ್ಪಲಿ ಎಳೆದುಬಿಟ್ಟೆ. ಆತ ಹೌಹಾರಿ ಕಾಲು ಹಿಂದೆ ತೆಗೆದುಕೊಂಡು ಅಂಗಾಲನ್ನು ನೆಲಕ್ಕೆ ಒತ್ತಿ ನಿಂತ. ಅಷ್ಟು ಒತ್ತಿದರೂ ಮುಖದಲ್ಲಿ ನೋವಿನ ಒಂದು ಗೆರೆ ಇಲ್ಲ. ಚಪ್ಪಲಿಯ ಒಳಗೆ ಹೆಬ್ಬೆರಳ ಬುಡದ ಜಾಗದಲ್ಲಿ ರೂಪಾಯಿಯಗಲ ಕಪ್ಪಗೆ ತೇವ ನಿಂತಿತ್ತು. ಎತ್ತಿ ಹಿಡಿದೆ. "ನೋಡ್ರಿ. ಇದೇನು?"

"ಚಾ ಚೆಲ್ಲೇತಿ" ಎಂದ ಒಬ್ಬ.

ಹನುಮಂತಪ್ಪ ಗುಂಪಿನ ಹಿಂದಿನಿಂದ, "ಗುಡ್ಡಪ್ಪ, ಹುಡುಗ ಖರೇ ಹೇಳ್ತಾನ. ಒಮ್ಮೆ ದವಾಖಾನಿಗೆ ನಡಿ, ನಾ ಬರ್ತೀನಿ" ಎಂದರು.

"ಚಪ್ಪಲ ಹೊಲಿಯೋರೆಲ್ಲಾ ಡಾಕ್ಟರ್ ಆದ್ರಿ?" ಎಂದ ಗುಡ್ಡಪ್ಪ. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ನಾಲ್ಕು ಗಂಟೆ. ಎಲ್ಲರಿಗೂ ಕೇಳುವಂತೆ ಹಚ್ಚಿದ. "ತಂಗೀ, ಇಲ್ಲೊಬ್ಬ ನಿನ್ನ ಮಗ ಅಂತ ಬಂದಾನ. ಚಪ್ಪಲದಾಗ ಕರಿ ಕಲೆ ಐತಿ ಅಂತಾನ."

ಅರೆ ಉಸಿರು. ನಮ್ಮವ್ವನ ದನಿ ಬಂತು. ಅವಳು ನಲವತ್ತು ವರ್ಷದವಳಿದ್ದಾಗ ಇದ್ದಷ್ಟು ಮೆತ್ತಗೆ. "ಹೊಸ ತೊಗಲಿನ ಬಣ್ಣ ಅಣ್ಣಾ, ಎಂಟ ದಿನಕ್ಕ ಹೋಗ್ತೈತಿ. ಖುಷಿಲೆ ಹಾಕ್ಕೋ. ಊಟ ಆತೇನು?"

ಆ ಮನುಷ್ಯನ ಕಣ್ಣು ತುಂಬಿಕೊಂಡವು. "ಆತು ತಂಗೀ" ಎಂದ.

ಅದನ್ನು ನೋಡುತ್ತ ನಿಂತಿರಲು ನನ್ನಿಂದ ಆಗಲಿಲ್ಲ. ಬಲಗಾಲಿನ ಚಪ್ಪಲಿ ಕೈಯಲ್ಲೇ ಇತ್ತು. ಓಡಿದೆ. ಒಂಟಿ ಚಪ್ಪಲಿ ಯಾರೂ ಮೆಟ್ಟುವುದಿಲ್ಲ, ಇಷ್ಟಾದರೂ ಆಯಿತಲ್ಲ ಎಂದು. ಹಿಂದಿನಿಂದ ಕಳ್ಳ ಕಳ್ಳ ಎಂದು ಕೂಗುತ್ತ ಬಂದರು. ಬೆನ್ನಿಗೆ ಎರಡು, ಕಿವಿಯ ಮೇಲೆ ಒಂದು ಬಿತ್ತು. ಹೊರಟಿದ್ದ ಹುಬ್ಬಳ್ಳಿ ಬಸ್ಸಿಗೆ ಜೋತುಬಿದ್ದೆ. ನಾನೇ ಹೊಲಿದ ಚಪ್ಪಲಿಯನ್ನು ನಾನೇ ಕದ್ದುಕೊಂಡು ಊರಿಗೆ ಬಂದೆ.

ಅವ್ವ ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗಿನ ಕಪ್ಪು ಕಲೆ ನೋಡಿದಳು. ಮೂಸಲಿಲ್ಲ. ಮೂಸುವ ಅಗತ್ಯ ಇರಲಿಲ್ಲ. "ಇನ್ನೂ ಎಂಟ ಹತ್ತ ದಿನದಾಗ ತೋರಿಸಿದ್ರ ಕಾಲ ಉಳೀತೈತಿ. ಬರಿಗಾಲಾಗಿದ್ರ ಯಾರರೆ ನೋಡ್ತಾರ" ಎಂದಳು. ನಾನೂ ಅದನ್ನೇ ನಂಬಿಕೊಂಡು ಆ ರಾತ್ರಿ ಉಂಡೆ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಊರಂಗಡಿಯಲ್ಲಿ ಆರ್ಡರು ಬಂತು. ಬಲಗಾಲಿನದು ಒಂದೇ, ಕಳವಾದದ್ದಕ್ಕೆ ಬದಲಿ, ಉಚಿತ, ತುರ್ತು. ಅದೇ ಹೆಜ್ಜೆಪಟ. ಬೆರಳಿಲ್ಲದ ಕಾಲು, ಬುಡದಲ್ಲಿ ಕೆಂಪು ಗಂಟು. ಕೆಳಗೆ ಒಂದು ಸಾಲು: ಬಾಳವ್ವನವರು ಗಿರಾಕಿಗೆ ಮಾತು ಕೊಟ್ಟಿದ್ದಾರೆ.

"ಮೆತ್ತಗ, ಸಡಿಲ ಹೊಲದ ಕೊಟ್ರ?" ಎಂದೆ.

"ಅಳತಿ ಮಶೀನ್ಯಾಗ ತಿರಗಿ ಬರ್ತೈತಿ. ಮೊದಲಿನಂಗ ಇಲ್ಲ ಅಂತ" ಎಂದಳು ಅವ್ವ. ನಿಜ. ಪ್ಯಾಕಿಂಗ್ ಕೇಂದ್ರದಲ್ಲಿ ಕೂದಲೆಳೆ ಹೆಚ್ಚು ಕಡಿಮೆಯಾದರೂ ವಾಪಸು ಕಳಿಸುತ್ತಾರೆ. "ಒಲ್ಲೆ ಅನ್ನು."

ಒಲ್ಲೆ ಎಂದು ಒತ್ತಿದರೆ ಒಂದು ಚಿಕ್ಕಿ ಹೋಗುತ್ತದೆ. ಕೆಲಸ ಪಕ್ಕದ ಮನೆಗೆ ಹೋಗುತ್ತದೆ. ಒಂದು ಗಂಟೆ ಸಮಯ. ಅದಕ್ಕೇ ಒತ್ತುವ ಮುಂಚೆ ನಾನು ಪಟ ಹಿಡಿದು ಓಣಿಗೆ ಇಳಿದೆ. ಮೊದಲ ಬಾಗಿಲು ಕಲ್ಲಪ್ಪ ಕಾಕಾನದು.

"ಕಾಕಾ, ಈ ಕಾಲು ಬಂದ್ರ ಹೊಲಿಬ್ಯಾಡ."

"ಊರಾಗ ಚಪ್ಪಲ ಕದಿಯೋ ಹೊಸಾ ಧಂಧೆ ಸುರು ಮಾಡಿಯಂತಲ್ಲೋ" ಎಂದ ಕಾಕಾ. ಆಮೇಲೆ ಪಟ ನೋಡಿದ. ನಗು ನಿಂತಿತು. ಅವನು ಮೂರೂವರೆ ಚಿಕ್ಕಿಯವನು. ಒಂದು ಹೋದರೆ ಮುಗಿಯಿತು. "ನಿನ್ನ ತಪ್ಪಿಗೆ ನನ್ನ ಚಿಕ್ಕಿ ಯಾಕ ಉದುರಬೇಕು, ಅದನ್ನ ಹೇಳು ಮೊದಲ."

ಅವ್ವ ನನ್ನ ಹಿಂದೆ ಬಂದು ನಿಂತಿದ್ದಳು. ಕಾಕಾ ಪಟವನ್ನು ಇನ್ನೊಮ್ಮೆ ನೋಡಿ, "ಹೋಗು, ಮುಂದಿನ ಮನಿಗೆ ಹೇಳು. ಹೊತ್ತು ಇಲ್ಲ" ಎಂದ.

ಇಪ್ಪತ್ತಾರು ಬಾಗಿಲು. ಎಲ್ಲ ಕಡೆ ಮೊದಲು ಬೈಗಳು, ಆಮೇಲೆ ಪಟ, ಆಮೇಲೆ ಹೂಂ. ಶೇವಂತಾ ಅತ್ತಿ ಪಟ ನೋಡಿ, ಈ ಪಾಪ ನಮ್ಮ ಓಣಿಯಿಂದ ಹೊರಡುವುದು ಬೇಡ ಎಂದು ತನ್ನ ಸೊಸೆಯ ಫೋನನ್ನೂ ಕಸಿದು ಕೈಯಲ್ಲಿಟ್ಟುಕೊಂಡಳು. ನಾನು ಒಲ್ಲೆ ಒತ್ತಿದೆ. ಕಲ್ಲಪ್ಪ ಕಾಕಾನ ಮನೆಯಲ್ಲಿ ಗಂಟೆ ಹೊಡೆಯಿತು. ಅವನು ಒತ್ತಿದ. ಅದರಾಚೆ ಹೊಡೆಯಿತು. ಹೀಗೆ ಮನೆಯಿಂದ ಮನೆಗೆ, ಓಣಿಯ ಉದ್ದಕ್ಕೂ ಗಂಟೆ ಹೊಡೆಯುತ್ತ ಹೋಯಿತು. ಜನ ಬಾಗಿಲಲ್ಲಿ ಬಂದು ನಿಂತರು. ಯಾರೂ ಒಪ್ಪಲಿಲ್ಲ. ಕಾಕಾನ ಗೋಡೆಯ ಬಿಲ್ಲೆ, ನಿಮ್ಮ ಅಂಗಡಿಯನ್ನು ವಿಶ್ರಾಂತಿಗೆ ಕಳಿಸಲಾಗಿದೆ ಎಂದು ಅವನದೇ ದನಿಯಲ್ಲಿ ಪ್ರೀತಿಯಿಂದ ಹೇಳುವುದು ನಮ್ಮ ಮನೆಯ ತನಕ ಕೇಳಿಸಿತು.

ಕೊನೆಯ ಮನೆಯ ಗಂಟೆ ನಿಂತಾಗ ನಾಲ್ಕಕ್ಕೆ ಐದು ನಿಮಿಷ ಇತ್ತು. ಓಣಿಯಲ್ಲಿ ಯಾರೂ ಒಳಗೆ ಹೋಗಲಿಲ್ಲ. ನಾನು ಫೋನ್ ನೋಡುತ್ತ ನಿಂತೆ. ಹುಡುಕಲಾಗುತ್ತಿದೆ ಎಂದು ತೋರಿಸಿತು. ಆಮೇಲೆ ಒಪ್ಪಿಕೊಳ್ಳಲಾಗಿದೆ ಎಂದಿತು.

"ಯಾರು ಒಪ್ಪಿದ್ರು?" ಅವ್ವ ಕೇಳಿದಳು.

"ಹೆಸರಿಲ್ಲ."

"ಯಾವ ಊರು?"

"ತೋರಸವಲ್ದು."

ಪಟ ತೋರಿಸಿದ ದಿನ ನಂಬರು ಇಸಿದುಕೊಂಡಿದ್ದೆ, ಹನುಮಂತಪ್ಪನಿಗೆ ಫೋನ್ ಮಾಡಿದೆ. ಗುಡ್ಡಪ್ಪ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಚಹಾ ಮಾಡುತ್ತಿದ್ದಾನೆ, ಹತ್ತಿರ ಹೋದರೆ ತಮ್ಮನ್ನೂ ಕಳ್ಳನ ಜೊತೆಗಾರ ಎಂದು ಅಟ್ಟುತ್ತಾನೆ, ನಾಡಿದ್ದು ಹೊಸ ಚಪ್ಪಲಿ ಬರುತ್ತದೆಂದು ಎಲ್ಲರಿಗೂ ಹೇಳುತ್ತಿದ್ದಾನೆ ಎಂದರು.

ಅವ್ವ ಕಟ್ಟೆಯ ಮೇಲೆ ಕುಳಿತಳು. ನಾಲ್ಕು ಹೊಡೆಯಿತು. ಅವಳು ಎರಡೂ ಕೈಯಿಂದ ತನ್ನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು. ರಾಣೆಬೆನ್ನೂರಿನಲ್ಲಿ ಅವಳು, ಊಟ ಆತೇನಣ್ಣಾ ಎಂದು ಕೇಳುತ್ತಿದ್ದಳು.